ಮೂಕಣ್ಣ ಗೆದ್ದ ಆಟ

ಎರಡನೆಯ ಗೂಡ್ಸ್ ರೈಲು ಕಂಪ್ಯೂಟರ್ ಪರದೆಯ ಬಲಗಡೆಯಿಂದ ಬಂದು, ಅರ್ಧ ದಾರಿ ದಾಟುವಷ್ಟರಲ್ಲಿ ಗಕ್ಕನೆ ನಿಂತುಬಿಡುತ್ತಿತ್ತು. ವಿದ್ಯಾಧೀಶ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆದಾಗಿನಿಂದ ಅದನ್ನು ಮುಂದೆ ಓಡಿಸಲು ಹೆಣಗುತ್ತಿದ್ದ. ಹೊರಗೆ ಹೊಸಪೇಟೆಯ ರಸ್ತೆಯಲ್ಲಿ ಅದಿರಿನ ಲಾರಿಗಳು ಇಂಥ ಯಾವ ತೊಂದರೆಯೂ ಇಲ್ಲದೆ ಓಡುತ್ತಿದ್ದವು. ಸಂಡೂರಿನ ಗುಡ್ಡ ದಿನಾ ಇಷ್ಟಿಷ್ಟೇ ಅವನ ಡಿಟಿಪಿ ಅಂಗಡಿಯ ಮುಂದೆ ಹಾದುಹೋಗುತ್ತಿತ್ತು. ಹೋಗುವಾಗ ಅವನ ಕೀಬೋರ್ಡಿನ ಮೇಲೂ ಒಂದು ಚಿಟಿಕೆ ಉದುರಿಸಿ ಹೋಗುತ್ತಿತ್ತು. ಮೇಜಿನ ಮೇಲೆ ಯಾರದೋ ಲಗ್ನಪತ್ರಿಕೆಯ ಪ್ರೂಫು ಬಿದ್ದಿತ್ತು. ಅದರಲ್ಲಿ ವಧುವಿನ ಸೋದರಮಾವನ ಹೆಸರು ಬಿಟ್ಟುಹೋಗಿ, ಆ ಸೋದರಮಾವ ನಿನ್ನೆ ಬಂದು ಅಂಗಡಿ ಹಾರಿಹೋಗುವಂತೆ ಕೂಗಾಡಿದ್ದ. ಅದನ್ನು ತಿದ್ದುವುದು ಬಿಟ್ಟು ಇಲ್ಲದ ರೈಲನ್ನು ಓಡಿಸುತ್ತ ಕೂತಿದ್ದೇನಲ್ಲ ಎಂಬ ಅಳುಕು ವಿದ್ಯಾಧೀಶನಿಗೆ ಇಲ್ಲದಿರಲಿಲ್ಲ. ಆದರೆ ಕದ್ದು ತಿಂದ ಉಂಡೆಯ ಹಾಗೆ ಆ ಅಳುಕಿಗೂ ಒಂದು ರುಚಿಯಿತ್ತು. ಇನ್ನೊಂದು ಗಂಟೆ, ಆಮೇಲೆ ಸೋದರಮಾವ, ಎಂದುಕೊಂಡ.

ಅವನು ಬಿಡುವಿನಲ್ಲಿ ವಿಡಿಯೋ ಗೇಮ್ ಮಾಡುತ್ತಿದ್ದ. ಯಾರಿಗಾದರೂ ಹಾಗೆಂದರೆ ಅವರು ಗುಂಡು ಹಾರಿಸುವುದು, ಕಾರು ಓಡಿಸುವುದು ಎಂದುಕೊಂಡು ತಮ್ಮ ಮಕ್ಕಳನ್ನು ಕಳಿಸುತ್ತಿದ್ದರು, ಮಕ್ಕಳು ಐದು ನಿಮಿಷ ಕೂತು ಮುಖ ಸಪ್ಪಗೆ ಮಾಡಿಕೊಂಡು ಎದ್ದುಹೋಗುತ್ತಿದ್ದವು. ಅವನ ಆಟಗಳಲ್ಲಿ ಯಾರೂ ಸಾಯುತ್ತಿರಲಿಲ್ಲ, ಯಾರೂ ಗೆಲ್ಲುತ್ತಲೂ ಇರಲಿಲ್ಲ. ಒಂದರಲ್ಲಿ ಹಂಪಿಯ ಕಂಬವೊಂದರ ಫೋಟೋ ತೆಗೆಯಬೇಕು. ಕ್ಲಿಕ್ಕಿಸುವ ಹೊತ್ತಿಗೆ ಸರಿಯಾಗಿ ಯಾರಾದರೊಬ್ಬರು ಅಡ್ಡ ಬಂದು ಹಲ್ಲು ಕಿಸಿಯುತ್ತಿದ್ದರು. ಇನ್ನೊಂದರ ಹೆಸರು ‘ಗೇಟು’. ರೈಲ್ವೆ ಗೇಟು ಬಿದ್ದಿದೆ, ನೀವು ಗಾಡಿಯಲ್ಲಿ ಕೂತಿದ್ದೀರಿ, ಅದಿರು ತುಂಬಿದ ಗೂಡ್ಸು ಹೋಗುತ್ತಿದೆ. ಹಾರ್ನ್ ಹೊಡೆಯಬಹುದು, ಎಂಜಿನ್ ಆರಿಸಬಹುದು, ಸೌತೆಕಾಯಿ ಮಾರುವವಳನ್ನು ಕರೆದು ಬೇಡವೆಂದು ಕಳಿಸಬಹುದು. ಗೇಟು ಮಾತ್ರ ತೆಗೆಯುವುದಿಲ್ಲ. ಹೆಂಡತಿ ಪ್ರಿಯಂವದಾ ಅದನ್ನು ಒಮ್ಮೆ ಆಡಿದ್ದಳು. ಅವಳು ಕಂಪ್ಲಿಯ ಹೈಸ್ಕೂಲಿನಲ್ಲಿ ಟೀಚರು. “ಇದರಾಗ ಆಡೋದೇನದ್ರೀ?” ಎಂದು ಕೇಳಿದಳು. “ಕಾಯೋದು” ಎಂದ ವಿದ್ಯಾಧೀಶ. “ಅದನ್ನ ನಾ ದಿನಾ ಕಂಪ್ಲಿ ಬಸ್ಸಿಗೆ ಮಾಡ್ತೀನಲ್ಲ, ಇದಕ್ಕ ಕಂಪ್ಯೂಟರ್ ಯಾಕ ಬೇಕು?” ಎಂದು ಅವಳು ಕುಕ್ಕರ್ ಇಳಿಸಲು ಹೋದಳು. ಅವಳು ಅದನ್ನು ಹಂಗಿಸಲು ಅನ್ನಲಿಲ್ಲ. ನಿಜವಾಗಿಯೂ ತಿಳಿಯದೆ ಕೇಳಿದ್ದಳು. ಅದೇ ಅವನನ್ನು ಹೆಚ್ಚು ಚುಚ್ಚಿತು. ಇಂಟರ್ನೆಟ್ಟಿನಲ್ಲಿ ಇಂಥ ಆಟಗಳನ್ನು ಮಾಡುವವರ ಒಂದು ಕಟ್ಟೆಯಿತ್ತು. ಅಲ್ಲಿ ‘ಗೇಟು’ ಹಾಕಿ, ಗೆಲುವೆಂಬುದು ಆಟಕ್ಕೆ ಅಂಟಿದ ರೋಗ ಎಂದು ಉದ್ದಕ್ಕೆ ಬರೆದಿದ್ದ. ಫಿನ್ಲೆಂಡಿನವನೊಬ್ಬ ಮಾತ್ರ ಉತ್ತರ ಕೊಟ್ಟಿದ್ದ: ಇದಿನ್ನೂ ಲೋಡ್ ಆಗುತ್ತಿದೆಯೇ? ಲೋಡಿನ ಮಾತು ಹೊಸಪೇಟೆಯಲ್ಲೂ ತಪ್ಪಲಿಲ್ಲ, ಫಿನ್ಲೆಂಡಿನಲ್ಲೂ ತಪ್ಪಲಿಲ್ಲ ಎಂದು ಅವನು ಒಬ್ಬನೇ ನಕ್ಕ. ನಕ್ಕ ಮೇಲೆ ಬೇಸರವಾಯಿತು. ಕವಿತೆ ಬರೆದವನು ಅದನ್ನು ತಾನೇ ಓದಿಕೊಂಡು ಸಮಾಧಾನಪಡಬಹುದು. ಆಟ ಮಾಡಿದವನು ತಾನೇ ಆಡಿದರೆ ಅದು ಆಟವಲ್ಲ, ರಿಪೇರಿ. ಅವನಿಗೆ ಬೇಕಾದದ್ದು ಆಡುವವನೊಬ್ಬ, ಒಬ್ಬನೇ ಒಬ್ಬ.

ಆ ಒಬ್ಬ ಸಿಕ್ಕಿದ್ದ. ಸಿಕ್ಕವನು ಮೂಕಣ್ಣ ಎಂಬುದನ್ನು ನೆನೆದರೆ ವಿದ್ಯಾಧೀಶನಿಗೆ ನಾಚಿಕೆಯಾಗುತ್ತಿತ್ತು. ಪಾಪಿನಾಯಕನಹಳ್ಳಿಯ ಮೂಕಣ್ಣನ ಜೋಳದ ಹೊಲದ ಅಡಿಯಲ್ಲಿ ಅದಿರು ಸಿಕ್ಕಿ, ಅವನು ಒಂದೇ ಬೇಸಿಗೆಯಲ್ಲಿ ಸಾಹುಕಾರನಾಗಿದ್ದ. ಅಂದಿನಿಂದ ಅವನಿಗೆ ಹಿಡಿದದ್ದು ಬ್ಯಾನರಿನ ಹುಚ್ಚು. ತನ್ನ ಹುಟ್ಟುಹಬ್ಬಕ್ಕೊಂದು, ಯುಗಾದಿಗೊಂದು, ಊರಿಗೆ ಬಂದ ಮಂತ್ರಿಗೊಂದು, ಕೊನೆಗೆ ತನ್ನ ಟಿಪ್ಪರಿಗೆ ಒಂದು ವರ್ಷ ತುಂಬಿದ್ದಕ್ಕೂ ಒಂದು. ಎಲ್ಲದರಲ್ಲೂ ಅದೇ ಫೋಟೋ: ಬಿಳಿ ಅಂಗಿ, ಕಪ್ಪು ಕನ್ನಡಕ, ಕಿವಿಗೆ ಒತ್ತಿಹಿಡಿದ ಮೊಬೈಲು. ಬ್ಯಾನರ್ ಆಗುವತನಕ ಕೂಲರಿನ ಎದುರು ಕೂತಿರುತ್ತಿದ್ದವನು ಒಂದು ದಿನ, “ಅದೇನ್ರಿ ಆಚಾರ್ರ, ಗೇಟು ಬಿದ್ದಂಗೈತಿ?” ಎಂದು ಕುರ್ಚಿ ಎಳೆದುಕೊಂಡ. ಆಡಿದ ರೀತಿಯಾದರೂ ಎಂಥದ್ದು! ಹಾರ್ನಿನ ಗುಂಡಿಯ ಮೇಲೆ ಹೆಬ್ಬೆರಳು ಒತ್ತಿದವನು ಎತ್ತುತ್ತಲೇ ಇರಲಿಲ್ಲ. “ಲೇ ಡ್ರೈವರಾ, ಜಲ್ದಿ ಒಯ್ಯಲೇ, ನಿಮ್ಮಪ್ಪಂದೇನಲೇ ರೈಲು?” ಎಂದು ಪರದೆಯನ್ನೇ ಬೈಯುತ್ತಿದ್ದ. ಸೌತೆಕಾಯಿಯವಳನ್ನು ಮಾತಾಡಿಸಿ, “ಉಪ್ಪು ಖಾರ ಹಚ್ಚವಾ” ಅನ್ನುತ್ತಿದ್ದ. “ಗೆಲ್ಲೋದು ಹೆಂಗ್ರಿ ಆಚಾರ್ರ ಇದನ್ನ?” ಎಂದು ಪ್ರತಿ ಸಲವೂ ಕೇಳುತ್ತಿದ್ದ.

“ಇದು ಗೆಲ್ಲೋ ಆಟ ಅಲ್ರೀ ಸಾವ್ಕಾರ್ರ.”

“ಮತ್ತ ಆಟ ಅಂತ ಯಾಕಂತೀರಿ? ಗೆಲ್ಲಂಗಿಲ್ಲ, ಸೋಲಂಗಿಲ್ಲ, ಇದು ನಮ್ಮ ಸಂಸಾರ ಆತಲ್ರಿ!”

ತನ್ನ ಟಿಪ್ಪರನ್ನು ಅದರಲ್ಲಿ ಹಾಕಬೇಕು, ಅದು ಗೇಟು ಮುರಿದುಕೊಂಡು ಹೋಗಬೇಕು, ಆಗ ನೋಡ್ರಿ ಮಸ್ತ್ ಆಗ್ತೈತಿ ಎಂದು ಸಲಹೆಯನ್ನೂ ಕೊಟ್ಟಿದ್ದ. ವಿದ್ಯಾಧೀಶ ಮೇಲುನಗೆ ನಕ್ಕು, ಕಲೆಗೂ ಟಿಪ್ಪರಿಗೂ ಇರುವ ಅಂತರವನ್ನು ಮನಸ್ಸಿನಲ್ಲೇ ಅಳೆದು, ಸುಮ್ಮನಾಗಿದ್ದ. ಆದರೆ ಮಧ್ಯಾಹ್ನವಾಯಿತೆಂದರೆ ಅವನ ಕಿವಿ ರಸ್ತೆಯ ಕಡೆಗೇ ಇರುತ್ತಿತ್ತು. ಎಷ್ಟೋ ಲಾರಿಗಳ ಸದ್ದಿನ ನಡುವೆ ಮೂಕಣ್ಣನ ಬೊಲೆರೊದ ಸದ್ದು ಅವನಿಗೆ ಬೇರೆಯಾಗಿ ಕೇಳುತ್ತಿತ್ತು. ಮೂಕಣ್ಣ ಬಾರದ ದಿನ ಅವನು ಪ್ರಿಯಂವದಾಳ ಮೇಲೆ ಸಣ್ಣ ಸಣ್ಣ ಕಾರಣಕ್ಕೆ ರೇಗುತ್ತಿದ್ದ. ಈಗ ಎರಡನೆಯ ರೈಲನ್ನು ಮಾಡುತ್ತಿದ್ದದ್ದೂ ಅವನಿಗೋಸ್ಕರವೇ. ಒಂದು ರೈಲು ಹೋಯಿತು, ಇನ್ನೇನು ಗೇಟು ತೆಗೆಯಿತು ಎಂದು ಮೂಕಣ್ಣ ಗೇರು ಹಾಕುವಷ್ಟರಲ್ಲಿ ಆ ಕಡೆಯಿಂದ ಇನ್ನೊಂದು ಬರಬೇಕು. ಆಗ ಅವನ ಬಾಯಿಂದ ಉದುರುವ ಬೈಗುಳವನ್ನು ನೆನೆದು ವಿದ್ಯಾಧೀಶನಿಗೆ ಒಳಗೊಳಗೇ ನಗು ಬರುತ್ತಿತ್ತು. ಮೊನ್ನೆ ಹೋಗುವಾಗ ಮೂಕಣ್ಣ, “ಹಿತ್ತಲಕಡೀ ಹೊಲದಾಗೂ ಮಣ್ಣು ಎತ್ತೋದೈತ್ರಿ ಆಚಾರ್ರ, ಜೆಸಿಬಿ ಹೇಳೀನಿ. ಅದೊಂದು ಮುಗದಿಂದ ಬಂದು ಕುಂದ್ರತೀನಿ” ಎಂದಿದ್ದ. ಅದಿರಿಗೆ ಅದಿರೆನ್ನುವವರು ಪೇಪರಿನವರು ಮಾತ್ರ. ಈ ಸೀಮೆಯ ಉಳಿದವರೆಲ್ಲ ಅದನ್ನು ಮಣ್ಣೆಂದೇ ಕರೆಯುತ್ತಿದ್ದರು.

ಫೋನು ಬಂದದ್ದು ಆಗಲೇ. ರೈಲು ಆಗ ತಾನೇ ನಿಲ್ಲದೆ ಪರದೆಯ ಮುಕ್ಕಾಲು ದಾಟಿತ್ತು, ಅವನ ಕಣ್ಣು ಅದರ ಮೇಲೇ ಇತ್ತು. ಆ ಕಡೆ ಮಾತಾಡಿದವನು ಮೂಕಣ್ಣನ ತಮ್ಮ ಓಬಳಪ್ಪ. ಲಾರಿಗಳ ನಡುವೆ ನಿಂತು ಕೂಗುತ್ತಿದ್ದ. “ಆಚಾರ್ರ, ಅಣ್ಣನ ಮಣ್ಣು ಐತ್ರಿ ಇವತ್ತು, ಸಂಜಿಗೆ, ಹೊಲದಾಗ. ಫೋಟೋ ನಿಮ್ಮತ್ರನ ಐತಲ್ರಿ, ಒಂದು ದೊಡ್ಡ ಬ್ಯಾನರ್ ಹಾಕ್ಕೊಂಡು ಬರ್ರಿ.” “ಏನಂತ ಬರೀಲಿ?” ಎಂದು ವಿದ್ಯಾಧೀಶ ಕೇಳಿದ. “ನಿಮಗ ಗೊತ್ತಿಲ್ದದ್ದೇನ್ರಿ, ನೀವ ಬರೀರಿ ಚೊಲೋತ್ನ್ಯಾಗ.” ರೈಲಿನ ಕೊನೆಯ ಡಬ್ಬಿ ಪರದೆಯಿಂದ ಆಚೆ ಹೋಯಿತು. ವಿದ್ಯಾಧೀಶನಿಗೆ ಎಷ್ಟು ಸಂತೋಷವಾಯಿತೆಂದರೆ, “ಒಳ್ಳೇದಾತ್ರಿ! ಅಂತೂ ಆತಲ್ಲ!” ಎಂದು ಫೋನಿಗೂ ರೈಲಿಗೂ ಸೇರಿಸಿ ಹೇಳಿದ. ಆ ಕಡೆ ಓಬಳಪ್ಪ, “ಹ್ಞಾಂ?” ಎಂದ. ಆಮೇಲೆ ಫೋನು ಕಟ್ಟಾಯಿತು.

ಹಿತ್ತಲಕಡೆಯ ಹೊಲದ ಪೂಜೆಗೆಂದು ಬ್ಯಾನರ್ ಮಾಡುವಾಗ ಅವನು ಖುಷಿಯಲ್ಲಿದ್ದ, ಖುಷಿಯಲ್ಲಿದ್ದಾಗ ಅವನಿಗೆ ಕೊಂಕು ಚೆನ್ನಾಗಿ ಹೊಳೆಯುತ್ತಿತ್ತು. ಅದೇ ಕಪ್ಪು ಕನ್ನಡಕದ ಫೋಟೋ ಇಟ್ಟ. ಮೇಲೆ ದೊಡ್ಡದಾಗಿ ‘ಮಣ್ಣಿನ ಮಗ ಮೂಕಣ್ಣನವರಿಗೆ’ ಎಂದು ಹಾಕಿದ. ಹೊಲವನ್ನೇ ಅಗೆದು ಮಾರುವವನಿಗೆ ಇದಕ್ಕಿಂತ ಒಳ್ಳೆಯ ಬಿರುದು ಇರಲಿಲ್ಲ, ಓದಿದವನು ಹೊಗಳಿಕೆ ಎಂದುಕೊಳ್ಳುತ್ತಾನೆ, ತಾನೊಬ್ಬ ನಗುತ್ತೇನೆ. ಕೆಳಗೆ ಒಂದು ಕಮಾನು, ಎರಡು ಕಡೆ ಹೂವು, ನಡುವೆ ಬಂಗಾರದ ಬಣ್ಣದಲ್ಲಿ ‘ಹಾರ್ದಿಕ ಶುಭಾಶಯಗಳು’. ಪಕ್ಕದ ಓಣಿಯ ಫ್ಲೆಕ್ಸ್ ಮಶೀನಿನವನು ಅಕ್ಷರ ಓದುತ್ತಿರಲಿಲ್ಲ, ಬಣ್ಣ ಮಾತ್ರ ನೋಡುತ್ತಿದ್ದ. ಬಂಗಾರ ಚೆನ್ನಾಗಿ ಬಂದಿದೆ ಎಂದ. ಸುರುಳಿಯನ್ನು ಬೈಕಿಗೆ ಕಟ್ಟಿಕೊಂಡು ಬಳ್ಳಾರಿ ರಸ್ತೆಯಲ್ಲಿ ಲಾರಿಗಳ ಕೆಂಪು ಧೂಳು ಕುಡಿಯುತ್ತ ಹೋಗುವಾಗ, ನಾಳೆ ಮೂಕಣ್ಣ ಬಂದರೆ ಎರಡನೆಯ ರೈಲಿನ ಸುದ್ದಿಯನ್ನು ಮೊದಲೇ ಹೇಳಬಾರದು ಎಂದು ಅವನು ತೀರ್ಮಾನಿಸಿದ.

ಹೊಲದ ಬದುವಿನಲ್ಲಿ ಶಾಮಿಯಾನ ಹಾಕಿದ್ದರು. ಜೆಸಿಬಿ ಒಂದು ಕಡೆ ಕೈ ಇಳಿಬಿಟ್ಟು ನಿಂತಿತ್ತು, ಅದರ ಮುಂದೆ ಹೊಸ ಮಣ್ಣಿನ ಗುಪ್ಪೆ. ಭಜನೆ ನಡೆದಿತ್ತು. ಪೂಜೆ ಜೋರಾಗಿದೆ ಎಂದುಕೊಂಡು ವಿದ್ಯಾಧೀಶ ಸುರುಳಿ ಹೆಗಲಿಗೇರಿಸಿ ಜನರ ನಡುವೆ ದಾರಿ ಮಾಡಿಕೊಂಡು ಮುಂದೆ ಬಂದ. ಶಾಮಿಯಾನದ ಕೆಳಗೆ ಮೂಕಣ್ಣ ಕುರ್ಚಿಯ ಮೇಲೆ ಕೂತಿದ್ದ, ಕೊರಳ ತುಂಬ ಹಾರ, ಹಣೆಗೆ ದಪ್ಪನೆಯ ವಿಭೂತಿ. ಸನ್ಮಾನವನ್ನೂ ಇಟ್ಟುಕೊಂಡಿದ್ದಾನೆ ಬಡ್ಡೀಮಗ ಎಂದು ವಿದ್ಯಾಧೀಶನಿಗೆ ನಗು ಬಂತು. ನಗುತ್ತಲೇ ಒಂದು ಕೈ ಎತ್ತಿ, “ಏನ್ರೀ ಸಾವ್ಕಾರ್ರ, ಅಂತೂ...” ಎಂದ. ಆಗ ಅವನಿಗೆ ಗದ್ದದ ಕೆಳಗಿನಿಂದ ತಲೆಗೆ ಕಟ್ಟಿದ್ದ ಬಿಳಿ ಬಟ್ಟೆ ಕಾಣಿಸಿತು. ಆಮೇಲೆ ಮೂಗಿನ ಹತ್ತಿ ಕಾಣಿಸಿತು. ಕುರ್ಚಿಯ ಕಾಲು ಹಿಡಿದು ನೆಲದ ಮೇಲೆ ಕೂತಿದ್ದ ಮೂಕಣ್ಣನ ಹೆಂಡತಿ ಎರ್ರಮ್ಮ ಕಾಣಿಸಿದಳು. ಅವನ ಕೈ ಮೇಲೆಯೇ ಉಳಿಯಿತು. ಲಿಂಗವಂತರು ಹೆಣವನ್ನು ಕೂರಿಸುತ್ತಾರೆ, ಮಣ್ಣು ಮಾಡುತ್ತಾರೆ, ಇಡೀ ಸೀಮೆಯೇ ಸಾವಿಗೆ ಹೋಗುವುದನ್ನು ಮಣ್ಣಿಗೆ ಹೋಗುವುದು ಅನ್ನುತ್ತದೆ; ಇದೆಲ್ಲ ಅವನಿಗೆ ತಿಳಿಯದ್ದೇನಲ್ಲ, ಹುಟ್ಟಿದಾಗಿನಿಂದ ಇದೇ ಊರಿನ ನೀರು ಕುಡಿದವನು. ಆದರೆ ಅವನ ಮನೆಯಲ್ಲಿ ಸುಡುತ್ತಿದ್ದರು, ಮತ್ತು ಈಚೆಗೆ ಕೆಲವು ವರ್ಷಗಳಿಂದ ಮಣ್ಣೆಂದರೆ ಟಿಪ್ಪರಿಗೆ ತುಂಬುವುದು ಎಂಬುದು ಅವನ ಕಿವಿಗೆ ಅಂಟಿಬಿಟ್ಟಿತ್ತು. ‘ಒಳ್ಳೇದಾತ್ರಿ, ಅಂತೂ ಆತಲ್ಲ’ ಎಂದು ತಾನು ಫೋನಿನಲ್ಲಿ ಹೇಳಿದ ಮಾತು ನೆನಪಾಗಿ ಅವನು ಎತ್ತಿದ್ದ ಕೈಯನ್ನು ಇಳಿಸಿ ಸುರುಳಿಯ ಮೇಲೆ ಇಟ್ಟ.

“ಬಂದ್ರ್ಯಾ ಆಚಾರ್ರ? ಕೊಡ್ರಿ ಇಲ್ಲೆ” ಎಂದು ಓಬಳಪ್ಪ ಪಕ್ಕಕ್ಕೆ ಬಂದ. ಅವನ ಕಣ್ಣು ಕೆಂಪಗಾಗಿದ್ದವು. “ಬೆಳಿಗ್ಗೆ ಚಾ ಕುಡ್ಕೋಂತ ಕುಂತಿದ್ದ. ಹಂಗ ಮಗ್ಗಲಕ ವಾಲಿದ. ದವಾಖಾನಿಗೆ ಒಯ್ಯಾಕೂ ಬಿಡಲಿಲ್ಲ.” ಜೆಸಿಬಿಯ ಕಡೆ ನೋಡಿ, “ಅವನ ಗೊತ್ತು ಮಾಡಿದ್ದ ಗಾಡಿ. ಕುಣಿ ಅದರಾಗ ತಗಿಸಿದ್ವಿ” ಎಂದ. ವಿದ್ಯಾಧೀಶ ಸುರುಳಿಯನ್ನು ಎದೆಗೆ ಅವಚಿಕೊಂಡು, “ನಾನ ಕಟ್ತೀನಿ, ನೀವು ಹೋಗ್ರಿ, ನಾನ ಕಟ್ತೀನಿ” ಎಂದು ತೊದಲಿದ. ಬ್ಯಾನರ್ ತರಲಿಲ್ಲ ಎಂದು ಸುಳ್ಳು ಹೇಳಲು ಅದು ಎಲ್ಲರ ಕಣ್ಣೆದುರಿಗೇ ಅವನ ಕೈಯಲ್ಲಿತ್ತು. ಬದುವಿನ ಎರಡು ಗಳಗಳಿಗೆ ಮೇಲಿನ ತುದಿಗಳನ್ನು ಕಟ್ಟಿದ. ಬಂಗಾರದ ಸಾಲು ಬಿಚ್ಚಿಕೊಳ್ಳುವ ಮೊದಲೇ ಕೆಳಗಿನ ಭಾಗವನ್ನು ಹಿಂದಕ್ಕೆ ಮಡಿಸಿ ಹಿಡಿದುಕೊಂಡ. ಕಟ್ಟಲು ದಾರ ಉಳಿದಿರಲಿಲ್ಲ. ಗುಡ್ಡದ ಕಡೆಯಿಂದ ಗಾಳಿ ಬೀಸುತ್ತಿತ್ತು, ಬಿಟ್ಟರೆ ಅದು ಪಟಕ್ಕನೆ ಬಿಚ್ಚಿಕೊಂಡು ಊರಿಗೆಲ್ಲ ಶುಭಾಶಯ ಹೇಳುತ್ತಿತ್ತು. ಹೀಗಾಗಿ ಅವನು ಬ್ಯಾನರಿನ ಹಿಂದೆ ಅರ್ಧ ಬಗ್ಗಿ, ಎರಡೂ ಕೈಯಲ್ಲಿ ಅದರ ಅಂಚು ಹಿಡಿದು ನಿಂತ.

ನಿಂತೇ ಇದ್ದ. ಭಜನೆ ಮುಗಿಯಿತು, ಸ್ವಾಮಿಗಳು ಬಂದರು, ಮತ್ತೆ ಭಜನೆ ಶುರುವಾಯಿತು. ಬ್ಯಾನರಿನ ಮುಂದೆ ನಿಂತು ಹೆಂಗಸೊಬ್ಬಳು, “ಮಣ್ಣಿನ ಮಗ! ಎಂಥಾ ಮಾತು ಬರದಾರ ನೋಡ್ರೆವಾ” ಎಂದು ಗಟ್ಟಿಯಾಗಿ ಅತ್ತಳು. ಅವಳು ಅತ್ತದ್ದನ್ನು ಕೇಳಿ ಇನ್ನಿಬ್ಬರು ಓದಿ ಅತ್ತರು. ತಾನು ಕೊಂಕಿಗೆ ಬರೆದ ಮಾತು ಹೀಗೆ ಒಬ್ಬೊಬ್ಬರನ್ನೇ ಅಳಿಸುವುದನ್ನು ಹಿಂದುಗಡೆಯಿಂದ ಕೇಳಿಸಿಕೊಳ್ಳುವುದಕ್ಕಿಂತ ಯಾರಾದರೂ ಬಂದು ಕೆನ್ನೆಗೆ ಬಾರಿಸಿದ್ದರೆ ಸುಖವಿತ್ತು. “ಆಚಾರ್ರು ನೋಡ್ರಿ, ಕುಂದರಲಾರ್ದ ಹೆಂಗ ಹಿಡ್ಕಂಡು ನಿಂತಾರ. ಭಾಳ ಹಚ್ಚಿಕೊಂಡಿದ್ರು ಅಣ್ಣನ್ನ” ಎಂದು ಯಾರೋ ಅಂದರು. ಒಬ್ಬ ಮುದುಕ ಅವನಿಗೆ ನೀರಿನ ಲೋಟ ಹಿಡಿದ. ಕೈ ಬಿಡಲಾಗದೆ ಅವನು ಬೇಡವೆಂದು ತಲೆಯಾಡಿಸಿದಾಗ, ದುಃಖದಲ್ಲಿ ನೀರನ್ನೂ ಮುಟ್ಟುತ್ತಿಲ್ಲ ಎಂದು ಅದೂ ಅವನ ಲೆಕ್ಕಕ್ಕೆ ಸೇರಿತು. ತೋಳು ಸೋಲುತ್ತಿದ್ದವು. ಅಳಬೇಕೆನಿಸಿತು, ಆದರೆ ಈ ಅಳು ಮೂಕಣ್ಣನಿಗೋ ತನ್ನ ಮಾನಕ್ಕೋ ಎಂಬ ಅನುಮಾನ ಬಂದು ಅಳುವೂ ಅಲ್ಲೇ ನಿಂತಿತು.

ಮೂಕಣ್ಣನ ಮಗಳು ಸ್ಫೂರ್ತಿ ಹಿಂದುಗಡೆಯಿಂದ ಬಂದದ್ದು ಅವನಿಗೆ ಗೊತ್ತಾಗಲಿಲ್ಲ. ಅವಳು ಹೊಸಪೇಟೆಯ ಕಾಲೇಜಿನಲ್ಲಿ ಬಿ.ಕಾಂ. ಓದುತ್ತಿದ್ದಳು, ಒಂದೆರಡು ಸಲ ಅಪ್ಪನನ್ನು ಕರೆಯಲು ಅಂಗಡಿಗೆ ಬಂದಿದ್ದಳು. ಅತ್ತೂ ಅತ್ತೂ ಅವಳ ಮುಖ ಊದಿತ್ತು. ಹಿಂದಕ್ಕೆ ಮಡಿಸಿದ ಭಾಗದಲ್ಲಿ ಬಂಗಾರದ ಅಕ್ಷರಗಳು ತಲೆಕೆಳಗಾಗಿ ಅವಳ ಕಣ್ಣೆದುರಿಗೇ ಇದ್ದವು. ಅವಳು ಕತ್ತು ಓರೆ ಮಾಡಿ ನಿಧಾನವಾಗಿ ಓದಿದಳು. ವಿದ್ಯಾಧೀಶ ಕಣ್ಣು ಮುಚ್ಚಿಕೊಂಡ.

“ಫೋನು ಸರಿ ಕೇಳಲಿಲ್ಲವಾ,” ಎಂದ. “ಮಣ್ಣು ಅಂದ್ರು. ನಾನು, ಮೊನ್ನೆ ನಿಮ್ಮಪ್ಪ ಹೇಳಿದ್ರಲ್ಲ, ಆ ಮಣ್ಣು ಅಂತ...”

ಅವಳ ತುಟಿ ಸೊಟ್ಟಗಾಯಿತು. ಅಳುವೋ ನಗುವೋ ಅವನಿಗೆ ತಿಳಿಯಲಿಲ್ಲ, ಬಹುಶಃ ಅವಳಿಗೂ ತಿಳಿದಿರಲಿಕ್ಕಿಲ್ಲ. “ಅಪ್ಪ ಇದ್ದಿದ್ರ ಇದನ್ನ ಊರ ತುಂಬಾ ಹೇಳ್ಕೋಂತ ತಿರಗ್ತಿದ್ದ” ಎಂದಳು. ಆಮೇಲೆ ಅಂಚಿನ ಆ ತುದಿಯನ್ನು ತಾನು ಹಿಡಿದುಕೊಂಡಳು.

“ಮೊನ್ನೆ ಅಪ್ಪ ನಿಮ್ಮ ಆಟ ಗೆದ್ನಂತ್ರೀ?”

ವಿದ್ಯಾಧೀಶ ಅವಳ ಕಡೆ ನೋಡಿದ.

“ರಾತ್ರಿ ಉಣ್ಣಾಕ ಕುಂತು ಹೇಳಿದ್ದ ಹೇಳಿದ್ದು. ಅವ್ವ, ಏನಾತು ಗೆದ್ದಿದ್ದಕ್ಕ ಅಂದ್ರ, ಹೋಗಿ ಆಚಾರ್ರನ್ನ ಕೇಳ್ರಿ, ನಾ ಹೇಳಂಗಿಲ್ಲ ಅಂತ ನಗ್ತಿದ್ದ. ಅವ್ವ ಈಗ ಅದನ್ನ ನೆನೆಸಿ ನೆನೆಸಿ ಅಳಾಕತ್ಯಾಳ. ಏನಾಗ್ತೈತ್ರೀ, ಗೆದ್ರ?”

ಆ ಆಟದಲ್ಲಿ ಗೆಲುವೇ ಇಲ್ಲ. ಅದರ ಸಾಲು ಸಾಲೂ ಅವನಿಗೆ ಬಾಯಿಪಾಠ, ಗೇಟು ತೆಗೆಯುವ ಒಂದು ಅಕ್ಷರವನ್ನೂ ಅವನು ಬರೆದಿರಲಿಲ್ಲ. ಗೆಲುವು ರೋಗ ಎಂದು ಫಿನ್ಲೆಂಡಿನವರೆಗೆ ಸಾರಿದವನು. ‘ಅದರಾಗ ಗೆಲ್ಲೋದಿಲ್ಲವಾ’ ಎಂಬ ಮಾತು ಅವನ ನಾಲಿಗೆಯ ತುದಿಗೆ ಬಂತು. ಹೆಣದ ಎದುರು ನಿಂತು ತನಗೆ ಮೊದಲು ನೊಂದದ್ದು ತನ್ನ ಆಟದ ಮೇಲೆ ಬಂದ ಈ ಅಪವಾದಕ್ಕೆ ಎಂದು ಗೊತ್ತಾಗಿ ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಮೂಕಣ್ಣ ಸುಳ್ಳು ಹೇಳಿದನೇ? ಮೊನ್ನೆ ಮಧ್ಯಾಹ್ನ ವಿದ್ಯಾಧೀಶ ಲಗ್ನಪತ್ರಿಕೆಯವರ ಜತೆ ಬಣ್ಣದ ಬಗ್ಗೆ ವಾದಿಸುತ್ತಿದ್ದ, ಹಿಂದೆ ಮೂಕಣ್ಣ ಆಡುತ್ತಿದ್ದ, ಅಂದು ಹಾರ್ನಿನ ಸದ್ದೇ ಇರಲಿಲ್ಲ. ಆಮೇಲೆ ಒಮ್ಮೆಲೇ, “ಆತು ನೋಡ್ರಿ ಆಚಾರ್ರ! ನೋಡ್ರಿ ಇಲ್ಲೆ!” ಎಂದು ಕೂಗಿದ್ದ. ವಿದ್ಯಾಧೀಶ ತಿರುಗದೆಯೇ “ಹ್ಞೂ, ಹ್ಞೂ” ಎಂದಿದ್ದ. ಏನಾಗಿತ್ತು? ರೈಲು ಎಲ್ಲಿಯೋ ಸಿಕ್ಕಿಕೊಂಡಿತೇ, ಗೇಟಿನ ಚಿತ್ರ ಒಂದು ಕ್ಷಣ ಅಳಿಸಿಹೋಯಿತೇ, ಅಥವಾ ಮೂಕಣ್ಣ ಸುಮ್ಮನೆ ಕಾದು ಕಾದು ಇಷ್ಟು ಸಾಕು, ಗೆದ್ದೆ ಎಂದುಕೊಂಡನೇ? ತಿರುಗಿ ನೋಡಿದ್ದರೆ ಗೊತ್ತಾಗುತ್ತಿತ್ತು. ತನಗೆ ಸಿಕ್ಕಿದ್ದ ಒಬ್ಬನೇ ಆಟಗಾರ ಕರೆದಾಗ ಅವನು ತಿರುಗಿರಲಿಲ್ಲ.

“ಹೌದವಾ, ಗೆದ್ರು” ಎಂದ. “ಅವರೊಬ್ಬರ ಗೆದ್ದದ್ದು. ಇಲ್ಲಿತನಕ ಯಾರಿಗೂ ಆಗಿಲ್ಲ.”

“ಏನಾಗ್ತೈತ್ರೀ?”

“ಗೇಟು ತಗೀತದ.”

“ಆಮ್ಯಾಲೆ?”

ಆಮೇಲೆ ಏನೆಂದು ಅವನಿಗೂ ಗೊತ್ತಿರಲಿಲ್ಲ. ಹೇಳಲು ಬಾಯಿ ತೆರೆದಾಗ ಮಾತು ತಾನಾಗಿ ಬಂತು. “ಎರಡೂ ಕಡೆ ಗಾಡಿ ತುಂಬಿ ನಿಂತಿರ್ತಾವಲ್ಲ, ಲಾರಿ, ಬಸ್ಸು, ಎಲ್ಲಾ. ಯಾರೂ ಮುಂದ ನುಗ್ಗೂದಿಲ್ಲ. ಯಾರೂ ಹಾರ್ನ್ ಹೊಡಿಯೂದಿಲ್ಲ. ಎಲ್ಲಾರೂ ಎಂಜಿನ್ ಆರಿಸಿ ಸುಮ್ನ ನಿಂತು, ನಿಮ್ಮಪ್ಪನ್ನ ಮೊದಲು ದಾಟಿಸ್ತಾರ.”

“ಅಷ್ಟ?”

“ಅಷ್ಟ ನೋಡವಾ.”

ಅವಳು ಆಮೇಲೆ ಅಂಚನ್ನು ಅವನ ಕೈಗೆ ಕೊಟ್ಟು, ಶಾಮಿಯಾನದ ಕಡೆ ಹೋಗಿ ಎರ್ರಮ್ಮನ ಪಕ್ಕ ಕುಕ್ಕರಗಾಲಲ್ಲಿ ಕೂತು ಕಿವಿಯಲ್ಲಿ ಹೇಳಿದಳು. ಎರ್ರಮ್ಮ ಮುಖವೆತ್ತಿ ಬ್ಯಾನರಿನ ಕಡೆ ನೋಡಿದಳು. ಸೆರಗು ಬಾಯಿಗೆ ಒತ್ತಿಕೊಂಡು, ಹೌದೆನ್ನುವ ಹಾಗೆ ಎರಡು ಸಲ ತಲೆಯಾಡಿಸಿದಳು. ನಾಲ್ಕು ಜನ ಕುರ್ಚಿಗೆ ಕೈ ಹಚ್ಚಿದರು. ಮೂಕಣ್ಣನನ್ನು ಇಳಿಸಿದರು, ಎಲ್ಲರೂ ಸಾಲಾಗಿ ಹೋಗಿ ಒಂದೊಂದು ಹಿಡಿ ಮಣ್ಣು ಹಾಕಿದರು. ವಿದ್ಯಾಧೀಶನೊಬ್ಬನಿಗೆ ಹೋಗಲಾಗಲಿಲ್ಲ, ಕೈ ಖಾಲಿಯಿರಲಿಲ್ಲ.

ನಿಂತಲ್ಲೇ ಅವನ ತಲೆ ತನ್ನ ಕೆಲಸ ಶುರು ಮಾಡಿತ್ತು. ಗಾಡಿಗಳ ದೀಪ ಒಂದೊಂದಾಗಿ ಆರಬೇಕು. ಸೌತೆಕಾಯಿಯವಳು ಬುಟ್ಟಿ ಇಳಿಸಿ ದಾರಿ ಬಿಡಬೇಕು. ಬೊಲೆರೊ ಹಳಿ ದಾಟುವಾಗ ಸಣ್ಣದೊಂದು ಕುಲುಕು ಇರಬೇಕು, ಸದ್ದು ಬೇಡ. ಛೀ, ಇಂಥ ಹೊತ್ತಿನಲ್ಲಿ ಎಂಥ ಯೋಚನೆ ಎಂದು ತನ್ನನ್ನೇ ಬೈದುಕೊಂಡ. ಬೈದುಕೊಂಡರೂ ಅದು ನಿಲ್ಲಲಿಲ್ಲ, ಕಣ್ಣಿಂದ ನೀರು ಇಳಿಯುತ್ತಿದ್ದರೂ ನಿಲ್ಲಲಿಲ್ಲ. ಇಷ್ಟು ವರ್ಷ ಮಾಡಿದ ಯಾವ ಆಟಕ್ಕೂ ಅವನಿಗೆ ಇಷ್ಟು ಚೆಂದದ ಕೊನೆ ಹೊಳೆದಿರಲಿಲ್ಲ. ನಾಳೆ ಬೆಳಿಗ್ಗೆ ಕೂತರೆ ಮಧ್ಯಾಹ್ನದೊಳಗೆ ಮುಗಿದುಹೋಗುತ್ತದೆ. ಮಧ್ಯಾಹ್ನ ಆಡಲು ಯಾರೂ ಬರುವುದಿಲ್ಲ.